ಲಿಂಗಿಯ ಎಡಗೈ

ಮಾರೇನಹಳ್ಳಿಯಲ್ಲಿ ಅಕ್ಕಯ್ಯಮ್ಮನ ಬಾಯಿಗೆ ಹೆದರದವರು ಯಾರೂ ಇರಲಿಲ್ಲ. ಕದ್ದು ಮೇವು ಕುಯ್ದವನಿಗೆ, ಬಾವಿಯ ಹತ್ತಿರ ಸರದಿ ತಪ್ಪಿಸಿದವಳಿಗೆ, ಹಾಲಿಗೆ ನೀರು ಬೆರೆಸಿ ಬೆರೆಸಿಲ್ಲ ಎನ್ನುವ ಸ್ವಂತ ತಮ್ಮನಿಗೆ, ಎಲ್ಲರಿಗೂ ಅವಳದು ಒಂದೇ ಬೈಗುಳ: "ಸುಳ್ಳು ಬೊಗಳ್ತೀಯಾ? ನಿನ್ ಕೈ ಸೇದೋಗ!" ಕೈ ಸೇದಿಹೋಗುವುದೆಂದರೆ ಬತ್ತಿ, ಮುದುಡಿ, ಕೆಲಸಕ್ಕೆ ಬಾರದಂತಾಗುವುದು. ಬೈಸಿಕೊಂಡವರೆಲ್ಲ ಅದೇ ಕೈಯಲ್ಲಿ ಗುದ್ದಲಿ ಹಿಡಿದು ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದರು. ನಿಜವಾಗಿ ಸೇದಿಹೋದದ್ದು ಒಂದೇ ಒಂದು ಕೈ. ಅದು ಅವಳ ಮೊಮ್ಮಗಳು ಲಿಂಗಿಯದು.

ಲಿಂಗಿಗೆ ಎಂಟು ವರ್ಷ. ಬಲಗೈಯ ಬೆರಳುಗಳು ಒಳಕ್ಕೆ ಮಡಚಿಕೊಂಡು, ಮಣಿಕಟ್ಟು ಬಾಗಿ, ಮೊಣಕೈಯಿಂದ ಕೆಳಗೆ ಮೂಳೆಯ ಮೇಲೆ ಚರ್ಮ ಮಾತ್ರ ಉಳಿದಿತ್ತು. ಅವಳ ಅಪ್ಪ ಹನುಮಂತಯ್ಯ, ಕಟ್ಟು ಹಾಕಿದ ಡಾಕ್ಟರ ಮೇಲೆ ದಾವೆ ಹೂಡಿದ್ದ. ಹೊಲದ ಬದುವಿಗೆ, ಬಾವಿಯ ಪಾಲಿಗೆ ಕೋರ್ಟಿಗೆ ಹೋದವರನ್ನು ಊರು ಕಂಡಿತ್ತು. ಡಾಕ್ಟರ ಮೇಲೆ ಹೋದವರನ್ನು ಕಂಡಿರಲಿಲ್ಲ. "ಹಣೇಲಿ ಬರೆದಿದ್ದಕ್ಕೆ ಡಾಕ್ಟರೇನು ಮಾಡ್ತಾರಪ್ಪಾ?" ಎಂದು ಜನ ಬುದ್ಧಿ ಹೇಳಿದರು. ಹನುಮಂತಯ್ಯನಿಗೆ ಆ ಮಾತು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ಹಣೆಯಲ್ಲಿ ಬರೆದದ್ದಲ್ಲ, ಇಂಥವರು ಮಾಡಿದ್ದು, ಎಂದು ಒಬ್ಬ ಜಡ್ಜು ಬಾಯಿಬಿಟ್ಟು ಹೇಳಬೇಕು. ಅವನಿಗೆ ಬೇಕಾದದ್ದು ಅಷ್ಟೇ.

ಬರುವ ಸೋಮವಾರ ಅಕ್ಕಯ್ಯಮ್ಮ ಕಟಕಟೆಯಲ್ಲಿ ನಿಂತು ಸಾಕ್ಷಿ ಹೇಳಬೇಕಿತ್ತು. ಅವಳ ಹೊಟ್ಟೆಯೊಳಗೆ ಒಂದು ಮಾತು ಕೂತಿತ್ತು. ಅದು ಹೊರಗೆ ಬಂದರೆ ದಾವೆ ಬಿದ್ದುಹೋಗುತ್ತಿತ್ತು, ಹೆತ್ತ ಮಗ ಇನ್ನೆಂದೂ ಅವಳ ಮುಖ ನೋಡುತ್ತಿರಲಿಲ್ಲ. ಆ ಮಾತು ಗೊತ್ತಿದ್ದದ್ದು ಇಬ್ಬರಿಗೇ. ಒಬ್ಬಳು ಅವಳು, ಇನ್ನೊಬ್ಬಳು ಲಿಂಗಿ.

ಆದದ್ದು ಹಿಂದಿನ ವರ್ಷ. ಸೊಸೆ ಮುನಿಲಕ್ಷ್ಮಮ್ಮ ಎರಡನೆಯ ಹೆರಿಗೆಗೆ ಕೆಂಗೇರಿಯ ತವರಿಗೆ ಹೋಗಿದ್ದಳು. ರಾಜಾಜಿನಗರದಲ್ಲಿ ಆಗ ಹೊಲಗಳಿಗೆ ಕಲ್ಲು ನೆಟ್ಟು, ರಸ್ತೆ ಎಳೆದು, ಸಾಲುಸಾಲಾಗಿ ಮನೆ ಏಳಿಸುತ್ತಿದ್ದರು. ಹನುಮಂತಯ್ಯ ನಾಯಂಡಹಳ್ಳಿಯ ಗೂಡುಗಳಿಂದ ಅಲ್ಲಿಗೆ ಎತ್ತಿನ ಗಾಡಿಯಲ್ಲಿ ಇಟ್ಟಿಗೆ ಹೊಡೆಯುತ್ತಿದ್ದ. ಬೆಳಿಗ್ಗೆ ಗಾಡಿ ಕಟ್ಟಿದರೆ ಮನೆ ಸೇರುವುದು ದೀಪ ಹಚ್ಚುವ ಹೊತ್ತಿಗೆ. ಹಗಲೆಲ್ಲ ಮನೆಯಲ್ಲಿ ಅಜ್ಜಿ, ಮೊಮ್ಮಗಳು ಇಬ್ಬರೇ.

ಬಾವಿ ಪಕ್ಕದ ಸೀಬೆ ಮರ ಹತ್ತಬೇಡ ಎಂದು ಲಿಂಗಿಗೆ ಹೇಳಿ ಹೇಳಿ ಅಕ್ಕಯ್ಯಮ್ಮನಿಗೆ ಸಾಕಾಗಿತ್ತು. ಒಂದು ದಿನ ಮಧ್ಯಾಹ್ನ ಮಗು ಬಲಗೈ ಜೋತಾಡಿಸಿಕೊಂಡು, ಮೊಣಕೈ ಬದನೆಕಾಯಿಯ ಹಾಗೆ ಊದಿಸಿಕೊಂಡು ಬಂದು ನಿಂತಿತು.

"ಎಲ್ಲಿ ಬಿದ್ದೆ?"

"ಜಗಲಿ ಮೇಲಿಂದ."

"ಮರ ಹತ್ತಿದ್ದಾ?"

"ಇಲ್ಲ ಅಜ್ಜಿ."

ಲಂಗಕ್ಕೆಲ್ಲ ಸೀಬೆ ಎಲೆ ಅಂಟಿಕೊಂಡಿತ್ತು. ಅಕ್ಕಯ್ಯಮ್ಮನಿಗೆ ಹೆದರಿಕೆಯಾದಾಗಲೆಲ್ಲ ಕೋಪವೇ ಬರುವುದು, ಅದು ಹುಟ್ಟುಗುಣ. "ಸುಳ್ಳು ಬೊಗಳ್ತೀಯಾ? ಕೈ ಸೇದೋಗ್ತದೆ ನೋಡು ನಿಂಗೆ!" ಎಂದು ಮೂರು ಮನೆಗೆ ಕೇಳುವಂತೆ ಕಿರುಚಿದಳು. ಕಿರುಚಿದ ಉಸಿರಿನಲ್ಲೇ ಮಗುವನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡು ಮಗನ ಗಾಡಿ ಬರುವ ದಾರಿಗೆ ಓಡಿದಳು.

ಮೂಳೆ ಕಟ್ಟುವ ನಾಟಿ ವೈದ್ಯರ ಹತ್ತಿರ ಹೋಗಿ ಎಂದರು ಊರಿನವರು. ಹನುಮಂತಯ್ಯ ಕೇಳಲಿಲ್ಲ. ಅವನೇ ಇಟ್ಟಿಗೆ ಇಳಿಸಿದ್ದ ಒಂದು ಕಟ್ಟಡದಲ್ಲಿ ಹೊಸದಾಗಿ ನರ್ಸಿಂಗ್ ಹೋಮು ತೆರೆದಿತ್ತು. ಅಲ್ಲಿಯ ಡಾಕ್ಟರು ಪಂಚಾಕ್ಷರಿ ಮಕ್ಕಳ ಮೂಳೆಗೆಂದೇ ಬೇರೆ ಓದಿ ಬಂದವರಂತೆ. ಮಾತು ಮೃದು, ಬಟ್ಟೆ ಬೆಳ್ಳಗೆ, ಕೈಯಲ್ಲಿ ಗಡಿಯಾರ. ಮಗುವಿಗೆ ಎಚ್ಚರ ತಪ್ಪಿಸಿ, ಮೂಳೆ ಎಳೆದು ಕೂರಿಸಿ, ಕಂಕುಳಿನಿಂದ ಅಂಗೈವರೆಗೆ ಬಿಳಿಯ ಪ್ಲಾಸ್ಟರು ಹಾಕಿದರು. ಊರಿನವರು ಆಮೇಲೆ ಅದನ್ನು ಸಿಮೆಂಟು ಕಟ್ಟು ಎಂದು ಕರೆದು, ಬೆರಳಲ್ಲಿ ಕುಟ್ಟಿ ನೋಡಿ ಬೆರಗಾದರು.

"ಎರಡು ದಿನ ಅಳ್ತಾಳೆ, ಗಾಬರಿ ಆಗ್ಬೇಡಿ," ಎಂದರು ಡಾಕ್ಟರು. "ಅಳು ನಿಂತ್ರೆ ಮೂಳೆ ಕೂಡ್ಕೋತಾ ಇದೆ ಅಂತ ತಿಳ್ಕೊಳ್ಳಿ."

ಬೆರಳುಗಳ ಬಣ್ಣ ನೋಡುತ್ತಿರಿ ಎಂದು ಅವರು ಹೇಳಲಿಲ್ಲ. ಆ ಒಂದು ಮಾತಿಗೆ ಎಷ್ಟು ಹೊತ್ತು ಬೇಕಿತ್ತು?

ಲಿಂಗಿ ಅತ್ತಳು. ಅಂಥ ಅಳುವನ್ನು ಅಕ್ಕಯ್ಯಮ್ಮ ಹೆರಿಗೆ ಮನೆಯಲ್ಲೂ ಕೇಳಿರಲಿಲ್ಲ. ಕಟ್ಟನ್ನು ಗೋಡೆಗೆ ಬಡಿಯುತ್ತಿದ್ದಳು, ಬಿಚ್ಚಿ ಬಿಚ್ಚಿ ಎಂದು ಹಲ್ಲಿನಿಂದ ಕಚ್ಚುತ್ತಿದ್ದಳು. ಮಾರನೆಯ ದಿನ ಹನುಮಂತಯ್ಯ ಗಾಡಿ ಬಿಟ್ಟು ರಾಜಾಜಿನಗರಕ್ಕೆ ಓಡಿದ. ಡಾಕ್ಟರು ಆಗಷ್ಟೇ ಕಾರು ಹತ್ತುತ್ತಿದ್ದರು. "ಮಗು ಅಂದ್ಮೇಲೆ ಅಳುತ್ತಪ್ಪಾ. ನಾನು ಮೊದ್ಲೇ ಹೇಳಿರ್ಲಿಲ್ವಾ? ಕಟ್ಟು ಮಾತ್ರ ಮುಟ್ಬೇಡಿ, ಕೈ ಸೊಟ್ಟ ಆಗುತ್ತೆ," ಎಂದು ಬಾಗಿಲು ಎಳೆದುಕೊಂಡರು. ಅವನು ಕಾರಿನ ಧೂಳು ಕುಡಿದು ಹಿಂದಕ್ಕೆ ಬಂದ.

ಆ ಸಂಜೆ ಅವನು ಎತ್ತುಗಳಿಗೆ ಮೇವು ತರಲು ಹೋದಾಗಲೇ ಅಕ್ಕಯ್ಯಮ್ಮ ಗಸಗಸೆ ಅರೆದದ್ದು. ಹನುಮಂತಯ್ಯನಿಗೆ ಹಲ್ಲು ಬರುವಾಗ ಅವಳ ಅತ್ತೆ ಇದೇ ಕೊಟ್ಟಿದ್ದಳು. ಬಾಣಂತಿಗೆ, ನಿದ್ದೆಗೆಟ್ಟವರಿಗೆ ಗಸಗಸೆ ಪಾಯಸ ಯಾವ ಮನೆಯಲ್ಲಿ ಮಾಡುವುದಿಲ್ಲ? ಆದರೆ ಬರಿಯ ಪಾಯಸಕ್ಕೆ ಈ ನೋವು ಬಗ್ಗುವುದಿಲ್ಲವೆಂದು ಅವಳು ನಾರು ಬೇರು ಮಾರುವ ಗ್ರಂಧಿಗೆ ಅಂಗಡಿಯಿಂದ ಗಸಗಸೆ ಕಾಯಿಯ ಒಣ ಸಿಪ್ಪೆಯನ್ನೂ ತಂದಿದ್ದಳು. ಸಿಪ್ಪೆ ಕುದಿಸಿ, ಆ ನೀರಿಗೆ ಗಸಗಸೆ, ತೆಂಗಿನಕಾಯಿ, ಬೆಲ್ಲ ಬೆರೆಸಿ, ಲೋಟದ ತುಂಬ ಕುಡಿಸಿದಳು. ಮಗು ಅಳುತ್ತ ಕುಡಿಯಿತು, ಅರ್ಧ ಅಳುವಿನಲ್ಲೇ ಕಣ್ಣು ಮುಚ್ಚಿತು. ಮನೆ ತಣ್ಣಗಾಯಿತು.

ಅವಳಿಗೆ ಎಷ್ಟು ಹಾಯೆನಿಸಿತೆಂದರೆ, ದೇವರಿಗೆ ಊದುಬತ್ತಿ ಹಚ್ಚಿದಳು. ಎಚ್ಚರವಾದಾಗ ಮತ್ತೆ ಕೊಟ್ಟಳು. ಮರುದಿನವೂ ಕೊಟ್ಟಳು. ಕಟ್ಟಿನ ಹೊರಗೆ ಇಣುಕುತ್ತಿದ್ದ ಬೆರಳನ್ನು ಮುಟ್ಟಿ ನೋಡಿದಾಗ ತಣ್ಣಗಿತ್ತು. ಉರಿ ಇಳಿಯಿತು ಎಂದುಕೊಂಡಳು.

"ಅಳು ನಿಂತೈತಲ್ಲವ್ವ," ಎಂದ ಮಗ ಸಂಜೆ ಬಂದು. "ಡಾಕ್ಟರ ಮಾತು ದಿಟ."

"ಹೂಂ," ಎಂದಳು ಅವಳು. ಏನು ಕೊಟ್ಟೆ ಎಂದು ಹೇಳಲಿಲ್ಲ. ಇಂಗ್ಲಿಷ್ ಔಷಧಿಯ ಮೇಲೆ ನಾಟಿ ಸೇರಿಸಿದೆಯಾ ಎಂದು ಅವನು ರೇಗುತ್ತಾನೆಂದು ಸುಮ್ಮನಾದಳು. ಆಗ ಅದು ಸಣ್ಣ ವಿಷಯವಾಗಿತ್ತು.

ಅದರ ಮಾರನೆಯ ಬೆಳಿಗ್ಗೆ ಹನುಮಂತಯ್ಯ ಗಾಡಿ ಕಟ್ಟುವ ಮುಂಚೆ ಮಗಳ ಬೆರಳು ಹಿಡಿದ. ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದ್ದವು. ಒತ್ತಿದ, ಚಿವುಟಿದ. "ಏನೂ ಗೊತ್ತಾಗಲ್ಲ ಅಪ್ಪಯ್ಯ," ಎಂದಿತು ಮಗು ನಿದ್ದೆಗಣ್ಣಲ್ಲಿ. ಅವನು ಇಟ್ಟಿಗೆಯ ಗಾಡಿಯಲ್ಲೇ ಮಗಳನ್ನು ಮಲಗಿಸಿ, ಅವ್ವನನ್ನೂ ಕೂರಿಸಿಕೊಂಡು ಪೇಟೆಯ ದೊಡ್ಡಾಸ್ಪತ್ರೆಗೆ ಎತ್ತುಗಳನ್ನು ಓಡಿಸಿದ. ಅಲ್ಲಿ ಕಟ್ಟು ಕುಯ್ದರು, ಆಮೇಲೆ ಒಳಗಿನ ಬಿಗಿ ಇಳಿಸಲು ತೋಳನ್ನೂ ಸೀಳಿದರು. ಕೈ ಕತ್ತರಿಸುವುದು ತಪ್ಪಿತು, ಬೆರಳಿನ ಜೀವ ಬರಲಿಲ್ಲ. ಕಟ್ಟು ಬಿಗಿಯಾಗಿ ರಕ್ತ ಓಡದೆ ಒಳಗಿನ ಮಾಂಸ ಸತ್ತಿದೆ, ಅತ್ತ ದಿನವೇ ಬಿಚ್ಚಬೇಕಿತ್ತು, ಎಂದರು ಅಲ್ಲಿಯ ಸರ್ಜನ್ನು. ಆಮೇಲೆ ಅಕ್ಕಯ್ಯಮ್ಮನ ಕಡೆ ತಿರುಗಿ, "ಇಷ್ಟು ನೋವನ್ನ ಮಗು ಹೇಗೆ ತಡ್ಕೊಂಡ್ತು? ನಿನ್ನೆ ಅಳ್ಲಿಲ್ವಾ? ನಿನ್ನೆ ಬಂದಿದ್ರೂ ಕೈ ಉಳೀತಿತ್ತಲ್ಲಮ್ಮ," ಎಂದರು.

ನಿನ್ನೆ. ಅವತ್ತಿನಿಂದ ಆ ಪದ ಕೇಳಿದರೆ ಅಕ್ಕಯ್ಯಮ್ಮ ಎದ್ದು ಒಳಗೆ ಹೋಗುತ್ತಿದ್ದಳು.

ಹನುಮಂತಯ್ಯನ ವಕೀಲರು ಲಕ್ಷ್ಮೀಪತಿ ಎಂಬವರು, ಒಣಕಲು ಮನುಷ್ಯ, ಮೂಗಿಗೆ ನಶ್ಯ. ಅವರ ಆಫೀಸಿನಲ್ಲಿ ಅಮ್ಮನನ್ನೂ ಮಗನನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದರು: "ಮಗು ಅತ್ತಾಗ ನೀವು ಹೋಗಿ ಹೇಳಿದ್ರಿ, ಡಾಕ್ಟರು ನೋಡ್ಲಿಲ್ಲ. ಇದೇ ನಮ್ಮ ಕೇಸು. ಆದ್ರೆ ಅವರ ಕಡೆ ವಕೀಲರು ಬಿಡೋರಲ್ಲ. ಮರುದಿನ ಯಾಕೆ ಮತ್ತೆ ಬರ್ಲಿಲ್ಲ? ಅಳು ಯಾಕೆ ನಿಲ್ತು? ಇದನ್ನ ಕೆದಕ್ತಾರೆ. ಮನೇಲಿ ಏನಾದ್ರೂ ಕೊಟ್ರಾ ಅಮ್ಮಾ, ಕಷಾಯ ಗಿಷಾಯ?"

ಅಕ್ಕಯ್ಯಮ್ಮ ಬಾಯಿ ತೆರೆದಳು. ಹೇಳಿಬಿಡುತ್ತಿದ್ದಳೋ ಏನೋ. ಅಷ್ಟರಲ್ಲಿ ಮಗ ನಕ್ಕುಬಿಟ್ಟ. "ನಮ್ಮವ್ವನಾ ಸಾರ್? ಸುಳ್ಳು, ಕದ್ದುಮುಚ್ಚಿ ಮಾಡಾದು ಅಂದ್ರೆ ಅವಳಿಗೆ ಆಗಾಕಿಲ್ಲ. ಊರಲ್ಲಿ ಯಾರನ್ನಾದ್ರೂ ಕೇಳಿ."

"ಹಾಗಾದ್ರೆ ಹೆದರಿಕೆ ಇಲ್ಲ," ಎಂದು ವಕೀಲರು ನಶ್ಯ ಏರಿಸಿದರು. ತೆರೆದ ಬಾಯಿಯನ್ನು ಅಕ್ಕಯ್ಯಮ್ಮ ಸೆರಗಿನಿಂದ ಒರೆಸಿಕೊಂಡಳು.

ಆಮೇಲಿನ ದಿನಗಳು ಅವಳನ್ನು ಒಳಗಿಂದೊಳಗೆ ತಿಂದವು. ಊರಲ್ಲಿ ಯಾರಿಗೂ ಬೈಯುವುದನ್ನು ಬಿಟ್ಟಳು. ಅತ್ತೆಗೆ ವಯಸ್ಸಾಯಿತು ಎಂದುಕೊಂಡಳು ಸೊಸೆ. ಲಿಂಗಿ ಮಾತ್ರ ಅಜ್ಜಿಯನ್ನು ಗಮನಿಸುತ್ತಿತ್ತು. ಜಗಲಿಯ ಮೇಲೆ ಕೂತು ಎಡಗೈಯಲ್ಲಿ ಅಕ್ಷರ ತಿದ್ದುತ್ತ, ಆಗಾಗ ತಲೆಯೆತ್ತಿ ನೋಡುವುದು. ಮಗು ಏನು ನೆನಪಿಟ್ಟುಕೊಂಡಿದೆ, ಏನು ಮರೆತಿದೆ, ಕೇಳುವಂತಿಲ್ಲ. ಕೇಳಿದರೆ ತಾನೇ ನೆನಪು ಮಾಡಿಕೊಟ್ಟ ಹಾಗೆ.

ಭಾನುವಾರ ಪಕ್ಕದ ಮನೆಯ ರಾಮಕ್ಕನ ಮಗನಿಗೆ ನಾಮಕರಣದ ಊಟವಿತ್ತು. ಸಾಲಿನಲ್ಲಿ ಕೂತ ಲಿಂಗಿಯ ಎಲೆಗೆ ಗಸಗಸೆ ಪಾಯಸ ಬಡಿಸಲು ಬಂದರು. ಮಗು ಎಡಗೈ ಅಡ್ಡ ಹಿಡಿಯಿತು.

"ಬ್ಯಾಡ."

"ಯಾಕವ್ವ, ಸಿಹಿ ಬ್ಯಾಡ್ವಾ?" ಎಂದಳು ರಾಮಕ್ಕ.

"ಬ್ಯಾಡ," ಎಂದಿತು ಲಿಂಗಿ. ಆಮೇಲೆ ಮೆಲ್ಲಗೆ ಕತ್ತು ತಿರುಗಿಸಿ, ಎದುರು ಸಾಲಿನಲ್ಲಿದ್ದ ಅಜ್ಜಿಯನ್ನು ನೋಡಿತು. ಸಿಟ್ಟಿನ ನೋಟವಲ್ಲ. ಸಿಟ್ಟಾಗಿದ್ದರೆ ಅಕ್ಕಯ್ಯಮ್ಮ ತಡೆದುಕೊಳ್ಳುತ್ತಿದ್ದಳು. ಅವಳು ಎಲೆ ಮಡಚಿ ಎದ್ದಳು.

ಸೋಮವಾರ ಕೋರ್ಟಿಗೆ ಎಲ್ಲರೂ ಹೋದರು. ಕೈ ತೋರಿಸಬೇಕೆಂದು ಲಿಂಗಿಯನ್ನೂ ಕರೆದೊಯ್ದು, ಹಿಂದಿನ ಬೆಂಚಿನಲ್ಲಿ ಅವ್ವನ ಪಕ್ಕ ಕೂರಿಸಿದ್ದರು. ಆಚೆ ಬದಿಯಲ್ಲಿ ಡಾಕ್ಟರು ಪಂಚಾಕ್ಷರಿ ಕೂತಿದ್ದರು. ವರ್ಷದಲ್ಲಿ ಅವರ ಕೂದಲು ನರೆತಿತ್ತು. ಅವರು ಮಗುವಿನ ಕೈಯನ್ನು ಒಮ್ಮೆ ನೋಡಿದರು, ಆಮೇಲೆ ನೆಲವನ್ನೇ ನೋಡುತ್ತ ಕೂತರು. ಪಾಪ, ಇವರೂ ನಿದ್ದೆ ಮಾಡಿಲ್ಲ ಎಂದು ಅಕ್ಕಯ್ಯಮ್ಮನಿಗೆ ಒಂದು ಗಳಿಗೆ ಅನಿಸಿತು. ಅನಿಸಿದ್ದಕ್ಕೆ ತನ್ನ ಮೇಲೇ ರೇಗಿದಳು.

ದೇವರ ಮೇಲೆ ಪ್ರಮಾಣ ಮಾಡಿಸಿದರು. ಡಾಕ್ಟರ ಕಡೆಯ ವಕೀಲರು ಸಕ್ಕರೆಯಂಥ ಮಾತಿನವರು. ಮಗು ಬಿದ್ದದ್ದು, ಅತ್ತದ್ದು ಎಲ್ಲ ಕೇಳಿ ಮುಗಿಸಿ, ಕೊನೆಗೆ ಹತ್ತಿರ ಬಂದರು.

"ಅಜ್ಜಮ್ಮಾ, ದೊಡ್ಡಾಸ್ಪತ್ರೆಗೆ ಬಂದಾಗ ಮಗು ಮಂಪರಿನಲ್ಲಿತ್ತಂತೆ. ನಿದ್ದೆ ಬರಲಿ ಅಂತ ಮನೇಲಿ ಏನಾದ್ರೂ ಕುಡಿಸಿದ್ರಾ? ನಿಮ್ಮ ಕಡೆ ಗಸಗಸೆ ಕೊಡೋದುಂಟಲ್ಲ?"

ಕೋರ್ಟಿನ ತುಂಬ ಪಂಖದ ಗಿರಗಿರ ಸದ್ದು. ಮಗ ಅವಳನ್ನೇ ನೋಡುತ್ತಿದ್ದ, ಮುಖದಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ.

"ಇಲ್ಲ ಸ್ವಾಮಿ," ಎಂದಳು. "ಏನೂ ಕೊಡ್ಲಿಲ್ಲ."

ವಕೀಲರು ಜಡ್ಜಿನ ಕಡೆ ತಿರುಗಿದರು. "ಮಗು ಇಲ್ಲೇ ಇದೆ ಮಹಾಸ್ವಾಮಿ. ಅದನ್ನೇ ಒಂದು ಮಾತು ಕೇಳಬಹುದಲ್ಲ?"

ಅಕ್ಕಯ್ಯಮ್ಮ ಕಟಕಟೆಯ ಅಡ್ಡಪಟ್ಟಿ ಹಿಡಿದುಕೊಂಡಳು. ಲಕ್ಷ್ಮೀಪತಿಗಳು ಹನುಮಂತಯ್ಯನ ಮುಖ ನೋಡಿದರು. ಅವನು ಎದೆಯುಬ್ಬಿಸಿ, "ಕೇಳ್ಲಿ ಸಾರ್, ನಮ್ಮ ಮಗೀನೂ ಸುಳ್ಳು ಹೇಳಾಕಿಲ್ಲ," ಎಂದ.

ಲಿಂಗಿಯನ್ನು ಕರೆದು ಸ್ಟೂಲಿನ ಮೇಲೆ ನಿಲ್ಲಿಸಿದರು. ಮಕ್ಕಳ ಸಾಕ್ಷಿ ತೆಗೆದುಕೊಳ್ಳುವ ಮೊದಲು, ನಿಜ ಸುಳ್ಳು ತಿಳಿಯುತ್ತದೆಯೇ ಎಂದು ಜಡ್ಜು ತಾವೇ ಕೇಳುವುದು ಕೋರ್ಟಿನ ಪದ್ಧತಿ. ಕನ್ನಡಕ ತೆಗೆದು, ಮುಂದಕ್ಕೆ ಬಾಗಿ ಕೇಳಿದರು: "ಮಗು, ಸುಳ್ಳು ಹೇಳಿದ್ರೆ ಏನಾಗುತ್ತೆ ಗೊತ್ತಾ?"

"ಗೊತ್ತು."

"ಏನಾಗುತ್ತೆ?"

"ಕೈ ಸೇದೋಗ್ತದೆ."

ಬರೆಯುತ್ತಿದ್ದ ಗುಮಾಸ್ತನ ಲೇಖನಿ ನಿಂತಿತು. ಎಲ್ಲರ ಕಣ್ಣೂ ಆ ಮುದುಡಿದ ಕೈಯ ಮೇಲೆ ಹೋಯಿತು. ಜಡ್ಜು ಕನ್ನಡಕವನ್ನು ಮತ್ತೆ ಹಾಕಿಕೊಂಡರು.

"ಯಾರು ಹೇಳಿದ್ದು?"

"ನಮ್ಮಜ್ಜಿ."

ಡಾಕ್ಟರ ವಕೀಲರು ಮಂಡಿಯೂರಿದಂತೆ ಬಗ್ಗಿ, ಬೆಣ್ಣೆಯಂಥ ದನಿಯಲ್ಲಿ, "ಜಾಣೆ ನೀನು. ಈಗ ಹೇಳು, ಕೈ ನೋವಾದಾಗ ಅಜ್ಜಿ ನಿಂಗೆ ಪಾಯಸ ಕುಡಿಸಿದ್ರಾ?" ಎಂದರು.

ಲಿಂಗಿ ವಕೀಲರನ್ನು ನೋಡಲಿಲ್ಲ. ಅಪ್ಪನನ್ನೂ ನೋಡಲಿಲ್ಲ. ನಿನ್ನೆ ಊಟದ ಸಾಲಿನಲ್ಲಿ ನೋಡಿದ ಹಾಗೆಯೇ ಅಜ್ಜಿಯ ಕಡೆ ಕತ್ತು ತಿರುಗಿಸಿ, ಸ್ವಲ್ಪ ಹೊತ್ತು ನೋಡಿತು. ಆಮೇಲೆ ಎಡಗೈಯನ್ನು ಲಂಗದ ಮಡಿಕೆಯಲ್ಲಿ ಬಚ್ಚಿಟ್ಟುಕೊಂಡು ಹೇಳಿತು.

"ಇಲ್ಲ."

"ಸರಿಯಾಗಿ ನೆನಪು ಮಾಡ್ಕೋ."

"ಇಲ್ಲ. ನಮ್ಮಜ್ಜಿ ಏನೂ ಕೊಡ್ಲಿಲ್ಲ."

ಹೊರಗೆ ಬಂದ ಮೇಲೆ ಲಕ್ಷ್ಮೀಪತಿಗಳಿಗೆ ಹಿಡಿಸಲಾರದಷ್ಟು ಸಂತೋಷ. ತೀರ್ಪು ಬರಬೇಕಷ್ಟೇ, ಮಗು ಗೆಲ್ಲಿಸಿಬಿಡ್ತು, ಎಂದು ಹನುಮಂತಯ್ಯನ ಬೆನ್ನು ತಟ್ಟಿದರು. ಅವನು ಕಣ್ಣೀರು ಒರೆಸಿಕೊಳ್ಳುತ್ತ, ಮಗಳಿಗೆ ಬತ್ತಾಸು ತರುತ್ತೇನೆಂದು ಹೆಂಡತಿಯನ್ನೂ ಕರೆದುಕೊಂಡು ಗೇಟಿನ ಕಡೆ ಹೋದ. ಮರದ ಕೆಳಗಿನ ಕಟ್ಟೆಯ ಮೇಲೆ ಅಜ್ಜಿ, ಮೊಮ್ಮಗಳು ಉಳಿದರು.

ಮಗು ಎಡಗೈಯನ್ನು ಮಡಿಕೆಯಿಂದ ಹೊರಗೆ ತೆಗೆದಿತ್ತು. ಬೆರಳುಗಳನ್ನು ಒಂದೊಂದಾಗಿ ಮಡಚಿತು, ಬಿಡಿಸಿತು. ಬಿಸಿಲಿಗೆ ಹಿಡಿದು ಉಗುರುಗಳನ್ನು ನೋಡಿತು. ಆಮೇಲೆ ತೊಡೆಯ ಮೇಲೆ ಜೋಪಾನವಾಗಿ ಇಟ್ಟುಕೊಂಡಿತು.

"ಅಜ್ಜಿ, ಇದು ಹೋಗೋದು ಇವತ್ತಾ, ನಾಳೆನಾ?"

"ಏನವ್ವ?"

"ಈ ಕೈ. ಸುಳ್ಳು ಹೇಳಿದ್ನಲ್ಲ." ಅಳುವಿರಲಿಲ್ಲ, ಗಾಡಿ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳುವ ದನಿ. "ನೀನು ಹೇಳಿದ್ದನ್ನೇ ನಾನೂ ಹೇಳ್ದೆ. ನೀನು ಸುಳ್ಳು ಹೇಳ್ದೆ ಅಂತ ಗೊತ್ತಾದ್ರೆ ನಿನ್ ಕೈ ಹೋಗ್ತಿತ್ತಲ್ಲ. ನಿಂಗೆ ಎರಡೂ ಬೇಕಲ್ಲಜ್ಜಿ, ಮುದ್ದೆ ಕಟ್ಟಾಕೆ. ನಂದು ಹೆಂಗೂ ಒಂದು ಹೋಗೈತೆ."

ವರ್ಷವಿಡೀ ಈ ಮಗು ಇದನ್ನೇ ನಂಬಿಕೊಂಡು ಕೂತಿತ್ತು. ಸೀಬೆ ಮರದ ಒಂದು ಸುಳ್ಳಿಗೆ ತನ್ನ ಬಲಗೈ ಹೋಯಿತೆಂದು, ತಪ್ಪೆಲ್ಲ ತನ್ನದೇ ಎಂದು. ಅಕ್ಕಯ್ಯಮ್ಮ ಆ ಎಳೆಯ ಎಡಗೈಯನ್ನು ಎರಡು ಕೈಯಲ್ಲೂ ಹಿಡಿದು ಕೆನ್ನೆಗೆ ಒತ್ತಿಕೊಂಡಳು. ಬೆಚ್ಚಗಿತ್ತು.

"ಇಲ್ಲ ಕಣವ್ವ, ನನ್ನ ತಾಯಿ. ಹೋಗಾಕಿಲ್ಲ. ಸುಳ್ಳು ಹೇಳಿದ್ರೆ ಯಾರ ಕೈಯೂ ಹೋಗಾಕಿಲ್ಲ. ಅಜ್ಜಿ ಸುಮ್ಕೆ ಬೈತಿದ್ಲು."

ಲಿಂಗಿ ನಂಬಲೋ ಬೇಡವೋ ಎಂದು ಅಜ್ಜಿಯ ಮುಖವನ್ನೇ ನೋಡಿತು. ಮಡಚಿದ ಬೆರಳುಗಳ ಬಲಗೈಯನ್ನು ಎತ್ತಿ, ಅವಳ ಕಣ್ಣ ಮುಂದೆ ಹಿಡಿಯಿತು.

"ಹಂಗಾದ್ರೆ ಇದ್ಯಾಕೆ ಹೋಯ್ತು?"

ಗೇಟಿನ ಕಡೆಯಿಂದ ಹನುಮಂತಯ್ಯ ಬತ್ತಾಸಿನ ಪೊಟ್ಟಣ ಹಿಡಿದು ನಗುತ್ತ ಬರುತ್ತಿದ್ದ. ಹಿಂದೆ ಸೊಸೆ, ಕಂಕುಳಲ್ಲಿ ಕೂಸು. ಅಕ್ಕಯ್ಯಮ್ಮ ಅವರು ಹತ್ತಿರ ಬರುವವರೆಗೆ ಕಾದಳು. ಮೊಮ್ಮಗಳ ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡೇ ತಲೆಯೆತ್ತಿದಳು.

"ಹನುಮಂತ," ಎಂದಳು, "ವಕೀಲರನ್ನ ಹಿಂದಕ್ಕೆ ಕರಿಯಪ್ಪ. ಆ ಜಡ್ಜು ಎದ್ದು ಹೋಗಾಕೆ ಮುಂಚೆ ನಾನು ಇನ್ನೊಂದ್ಸಲ ಒಳಗೆ ಹೋಗ್ಬೇಕು."